ದೋಣಿ ಟ್ರೈಲರ್ ಮತ್ತು ವಾಹನದ ಎಳೆತ ಸಾಮರ್ಥ್ಯ
ಎಳೆತ ಸಾಮರ್ಥ್ಯವೆಂದರೆ ವಾಹನವೊಂದು ಸುರಕ್ಷಿತವಾಗಿ ಎಳೆಯಬಲ್ಲ ಗರಿಷ್ಠ ತೂಕ. ಅಮೆರಿಕದಲ್ಲಿ ಹಲವು ತಯಾರಕರು ಇದನ್ನು ಎಸ್‌ಎಇ ಜೆ2807 ಮಾನದಂಡದಂತೆ ನಿಗದಿಪಡಿಸುತ್ತಾರೆ. ದೋಣಿಯ ಕೈಪಿಡಿ ಕೊಡುವುದು ಸಾಮಾನ್ಯವಾಗಿ ಒಣ ತೂಕವನ್ನಷ್ಟೇ, ಅಂದರೆ ಇಂಧನ, ಸಾಮಾನು ಇಲ್ಲದ ತೂಕವನ್ನಷ್ಟೇ. ಅನೇಕ ಸಲ ಎಂಜಿನ್ನೂ ಅದರಲ್ಲಿ ಸೇರಿರುವುದಿಲ್ಲ. ಎಂಜಿನ್, ಇಂಧನ, ಬ್ಯಾಟರಿ, ಲಂಗರು, ಟ್ರೈಲರ್‌ನ ಸ್ವಂತ ತೂಕ ಎಲ್ಲವನ್ನೂ ಕೂಡಿಸಲೇಬೇಕು. 100 ಲೀಟರ್ ಪೆಟ್ರೋಲೇ ಸುಮಾರು 75 ಕಿಲೋ ತೂಗುತ್ತದೆ. ಇಂಥ ಕೂಡುಲೆಕ್ಕಕ್ಕಿಂತ, ಸಾಮಾನು ತುಂಬಿದ ಮೇಲೆ ವೇ ಬ್ರಿಡ್ಜ್‌ನಲ್ಲಿ ಪಡೆದ ಚೀಟಿಯೇ ಹೆಚ್ಚು ನಂಬಲರ್ಹ. ಕಾರಿನೊಳಗೆ ಜನ, ಸಾಮಾನು ಹೆಚ್ಚಿದಷ್ಟೂ ಎಳೆಯಬಹುದಾದ ತೂಕ ಇಳಿಯುತ್ತದೆ.

ದೋಣಿ ಟ್ರೈಲರ್‌ನ ಮೂತಿ ವಾಹನದ ಕೊಂಡಿಯ ಮೇಲೆ ಹೇರುವ ಭಾರ ಸಾಮಾನ್ಯವಾಗಿ ಒಟ್ಟು ತೂಕದ ಶೇ. 5ರಿಂದ 10ರಷ್ಟಿರಬೇಕು. ಕಡಿಮೆಯಾದರೆ ವೇಗ ಏರಿದಂತೆ ಟ್ರೈಲರ್ ಅತ್ತಿತ್ತ ಹೊಯ್ದಾಡಿ ಕಾರನ್ನೇ ಎಳೆದಾಡುತ್ತದೆ. ಇದು ಜೀವಕ್ಕೇ ಅಪಾಯ. ಅಂಕಿಗಳೆಲ್ಲ ಸರಿಯಿದ್ದರೂ, ಪಾಚಿಗಟ್ಟಿದ ದಡದ ಇಳಿಜಾರಿನಲ್ಲಿ ದೋಣಿಯನ್ನು ಮೇಲೆಳೆಯುವಾಗ ಭಾರ ಹಿಂದಕ್ಕೆ ಸರಿದು, ಮುಂಚಕ್ರ ಚಾಲನೆಯ ಕಾರಿನ ಚಕ್ರಗಳು ಹಿಡಿತ ತಪ್ಪಿ ಜಾರಬಹುದು.