ಐದು ಗ್ರಾಂ ಉಪ್ಪಿನ ಲೆಕ್ಕ: ಅಳತೆಯ ಜಗಳ ಮತ್ತು ಅಡುಗೆಮನೆಯ ಕೈ

ಮದುವೆಮನೆಯ ಪಂಕ್ತಿಯಲ್ಲಿ ಬಾಳೆಎಲೆಯ ತುದಿಗೆ ಮೊದಲು ಬಂದು ಬೀಳುವ ಚಿಟಿಕೆ ಉಪ್ಪನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ. ಊಟ ಮುಗಿದು ಎಲೆ ಮಡಚುವಾಗಲೂ ಅದು ಅಲ್ಲಿಯೇ ಇರುತ್ತದೆ. ಆದರೆ ಅಷ್ಟರೊಳಗೆ ಸಾರು, ಹುಳಿ, ಪಲ್ಯ, ಕೋಸಂಬರಿ, ಹಪ್ಪಳ, ಉಪ್ಪಿನಕಾಯಿಗಳ ಮೂಲಕ ಅದರ ಹಲವು ಪಟ್ಟು ಉಪ್ಪು ಹೊಟ್ಟೆ ಸೇರಿರುತ್ತದೆ. ಕಣ್ಣಿಗೆ ಕಾಣುವ ಉಪ್ಪನ್ನು ಎಣಿಸಬಹುದು, ಕರಗಿದ್ದನ್ನು ಎಣಿಸುವುದು ಕಷ್ಟ. ಮನುಷ್ಯ ದಿನಕ್ಕೆ ಎಷ್ಟು ಉಪ್ಪು ತಿನ್ನಬೇಕು ಎಂಬ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿರುವ ವಾದವಿವಾದದ ಬಹುಭಾಗ ಈ ಕಷ್ಟದಿಂದಲೇ ಹುಟ್ಟಿದೆ ಎಂಬುದು ಈ ಲೇಖನದ ವಾದ. ಮಿತಿಯ ಅಂಕಿ ಗಟ್ಟಿಯಾಗಿಯೇ ಇದೆ. ಅಲುಗಾಡಿದ್ದು ಅಳೆಯುವ ವಿಧಾನ.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಸೋಡಿಯಂ ಲೆಕ್ಕದಲ್ಲಿ ಇದು 2 ಗ್ರಾಂ. ಉಪ್ಪಿನ ತೂಕದಲ್ಲಿ ಸುಮಾರು ಶೇ. 40 ಸೋಡಿಯಂ, ಉಳಿದದ್ದು ಕ್ಲೋರೈಡ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಯೂ ಇದೇ ಮಿತಿಯನ್ನು ಹೇಳುತ್ತದೆ. ಐದು ಗ್ರಾಂ ಎಂದರೆ ತಲೆತಟ್ಟಿದ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವೂ ಆ ಚಮಚದೊಳಗೇ ಮುಗಿಯಬೇಕು.

ಇಷ್ಟು ಕಡಿಮೆ ಉಪ್ಪಿನಲ್ಲಿ ದೇಹ ಸೊರಗುವುದಿಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಉತ್ತರ ಮೂತ್ರಪಿಂಡದಲ್ಲಿದೆ. ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಆ ದ್ರವದಲ್ಲಿರುವ ಸೋಡಿಯಮ್ಮನ್ನು ಉಪ್ಪಾಗಿ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಒಂದೂವರೆ ಕಿಲೋ ಆಗುತ್ತದೆ. ಅದರಲ್ಲಿ ಶೇ. 99ಕ್ಕಿಂತ ಹೆಚ್ಚನ್ನು ಅವು ಮತ್ತೆ ರಕ್ತಕ್ಕೇ ಸೇರಿಸಿ, ನಾವು ತಿಂದಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ತಿಂದದ್ದು ಕಡಿಮೆಯಾದರೆ ಆಲ್ಡೊಸ್ಟೆರಾನ್ ಹಾರ್ಮೋನು ಏರಿ, ಹೊರಹೋಗುವ ದಾರಿ ಬಹುಪಾಲು ಮುಚ್ಚಿಕೊಳ್ಳುತ್ತದೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪು ಬಳಸದೆಯೇ ತಲೆಮಾರುಗಳನ್ನು ಕಳೆದವರು. ದೇಹ ನಡೆಯಲು ಬೇಕಾದ ಸೋಡಿಯಂ ದಿನಕ್ಕೆ ಅರ್ಧ ಗ್ರಾಂಗಿಂತ ಹೆಚ್ಚಿಲ್ಲ ಎಂಬುದು ಸಾಮಾನ್ಯ ಅಂದಾಜು. ಉಳಿಸಿಕೊಳ್ಳುವುದರಲ್ಲಿ ಮೂತ್ರಪಿಂಡ ನಿಪುಣ. ಹೆಚ್ಚಾದದ್ದನ್ನು ಹೊರಹಾಕಲು ಮಾತ್ರ ಅದಕ್ಕೆ ಒತ್ತಡದ ನೆರವು ಬೇಕಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಶರೀರಶಾಸ್ತ್ರದಲ್ಲಿ ಅಕ್ಷರಶಃ ನಿಜ: ಕುಡಿದ ನೀರು ಉಪ್ಪಿನೊಂದಿಗೆ ನಿಲ್ಲುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರಿದ ಮೇಲೆ ಹೆಚ್ಚಿನ ಉಪ್ಪು ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ರಕ್ತನಾಳಗಳು ಆ ಒತ್ತಡಕ್ಕೇ ಗಡುಸಾಗುತ್ತವೆ.

ಅತಿ ಉಪ್ಪಿನ ಬಗೆಗಿನ ಎಚ್ಚರ ನಮ್ಮಲ್ಲಿ ಹೊಸದಲ್ಲ. ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳೆಂದು ಚರಕಸಂಹಿತೆಯ ವಿಮಾನಸ್ಥಾನ ಹಿಪ್ಪಲಿ, ಕ್ಷಾರ, ಲವಣಗಳನ್ನು ಹೆಸರಿಸುತ್ತದೆ. ರಕ್ತದೊತ್ತಡದೊಡನೆ ಉಪ್ಪಿನ ನಂಟನ್ನು 1904ರಲ್ಲಿ ಪ್ಯಾರಿಸ್ಸಿನಲ್ಲಿ ಆಂಬಾರ್ ಮತ್ತು ಬೊಜಾರ್ ಎಂಬ ವೈದ್ಯರು ಗುರುತಿಸಿದರು. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನ 32 ದೇಶಗಳ 52 ಕೇಂದ್ರಗಳಲ್ಲಿ 10,079 ಜನರ ಇಡೀ ದಿನದ ಮೂತ್ರವನ್ನು ಸಂಗ್ರಹಿಸಿ ಅಳೆಯಿತು. ದೆಹಲಿ ಮತ್ತು ಲಡಾಖ್ ಅದರ ಭಾರತೀಯ ಕೇಂದ್ರಗಳು. ಅಮೆರಿಕದ ಡ್ಯಾಶ್-ಸೋಡಿಯಂ ಪ್ರಯೋಗ (2001) 412 ಜನರಿಗೆ ಊಟವನ್ನೇ ಒದಗಿಸಿ, ಸೋಡಿಯಂ ಪ್ರಮಾಣವನ್ನು ಮೂರು ಹಂತಗಳಲ್ಲಿ ಬದಲಿಸಿ ನೋಡಿತು. ಅಲ್ಲಿನ ಸಾಮಾನ್ಯ ಊಟ ಉಣ್ಣುತ್ತಿದ್ದವರಲ್ಲಿ ಅತಿ ಹೆಚ್ಚಿನ ಹಂತಕ್ಕೂ ಅತಿ ಕಡಿಮೆಯ ಹಂತಕ್ಕೂ ನಡುವೆ ಮೇಲಿನ ರಕ್ತದೊತ್ತಡ 6.7 ಮಿ.ಮೀ.ನಷ್ಟು ಇಳಿಯಿತು. ಉಪ್ಪು ಇಳಿಸಿದರೆ ಒತ್ತಡ ಇಳಿಯುತ್ತದೆ ಎಂಬುದರಲ್ಲಿ ಇಂದು ಗಂಭೀರ ಭಿನ್ನಾಭಿಪ್ರಾಯ ಉಳಿದಿಲ್ಲ. ಜಗಳ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ: ಬಹಳ ಕಡಿಮೆ ಉಪ್ಪು ತಿನ್ನುವವರಲ್ಲಿ ಸಾವು, ಹೃದಯಾಘಾತ, ಲಕ್ವ ನಿಜಕ್ಕೂ ಕಡಿಮೆಯೇ?

2014ರಲ್ಲಿ ಪ್ಯೂರ್ ಎಂಬ ಬೃಹತ್ ಅಧ್ಯಯನದ ಫಲಿತಾಂಶ ಹೊರಬಂದಾಗ ಈ ಪ್ರಶ್ನೆಗೆ ಬಿಸಿ ಏರಿತು. 17 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರ ಭಾಗವಾಗಿತ್ತು. ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ, ಅಂದರೆ ಏಳೂವರೆಯಿಂದ ಹದಿನೈದು ಗ್ರಾಂ ಉಪ್ಪು ತಿನ್ನುವವರಲ್ಲಿ ಅಪಾಯ ಅತಿ ಕಡಿಮೆ, ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ಅಪಾಯ ಏರುತ್ತದೆ ಎಂದು ಅದು ಹೇಳಿತು. ಇದು ನಿಜವಾದರೆ ಐದು ಗ್ರಾಮಿನ ಮಿತಿಯೇ ಅಪಾಯಕಾರಿ ಎಂದಾಗುತ್ತದೆ. ಉಪ್ಪು ಬಿಡಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಬೇಕಿರಲಿಲ್ಲ.

ಆದರೆ ಆ ಅಂಕಿಗಳು ಬಂದ ದಾರಿಯನ್ನು ನೋಡಬೇಕು. ಅಲ್ಲಿ ಪ್ರತಿಯೊಬ್ಬರಿಂದ ತೆಗೆದುಕೊಂಡದ್ದು ಬೆಳಗಿನ ಒಂದೇ ಮೂತ್ರದ ಮಾದರಿ. ಅದರಿಂದ ಇಡೀ ದಿನದ ಸೋಡಿಯಮ್ಮನ್ನು ಜಪಾನಿನಲ್ಲಿ ರೂಪುಗೊಂಡ ಕವಾಸಾಕಿ ಸೂತ್ರದ ಮೂಲಕ ಅಂದಾಜು ಮಾಡಲಾಯಿತು. ಆ ಸೂತ್ರದೊಳಗೆ ವಯಸ್ಸು, ಎತ್ತರ, ತೂಕ, ಕ್ರಿಯಾಟಿನಿನ್ ಎಲ್ಲವೂ ಸೇರಿವೆ. ಇವುಗಳಿಗೆ ಆಯುಷ್ಯದೊಡನೆ ತಮ್ಮದೇ ಆದ ಸಂಬಂಧವಿದೆ. ಕಾಯಿಲೆ ಬಿದ್ದು ಸೊರಗಿದವರು ಊಟವನ್ನೇ ಕಡಿಮೆ ಮಾಡಿರುತ್ತಾರೆ, ಹಾಗಾಗಿ ಅವರ ಉಪ್ಪೂ ಕಡಿಮೆ ಕಾಣುತ್ತದೆ. ಅವರನ್ನು ಕೊಂದದ್ದು ಕಾಯಿಲೆ, ಅಪವಾದ ಹೊತ್ತದ್ದು ಕಡಿಮೆ ಉಪ್ಪು. 2018ರಲ್ಲಿ ಸಂಶೋಧಕರು ಅಮೆರಿಕದ ಟಿ.ಒ.ಎಚ್.ಪಿ. ಎಂಬ ಹಳೆಯ ಪ್ರಯೋಗದ ಸುಮಾರು ಮೂರು ಸಾವಿರ ಜನರ ಮಾಹಿತಿಯನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದರು. ಹಲವು ಬಾರಿ ಅಳೆದ 24 ಗಂಟೆಗಳ ಮೂತ್ರದ ಪ್ರಕಾರ ಸೋಡಿಯಂ ಇಳಿದಂತೆಲ್ಲ ಸಾವಿನ ಪ್ರಮಾಣವೂ ನೇರವಾಗಿ ಇಳಿಯುತ್ತಿತ್ತು. ಅದೇ ಜನರಿಗೆ ಕವಾಸಾಕಿ ಸೂತ್ರ ಹಚ್ಚಿದಾಗ ಆ ನೇರ ಗೆರೆಯ ರೂಪವೇ ಬದಲಾಯಿತು. ಜನ ಅವರೇ, ಸಾವುಗಳೂ ಅವೇ, ಬದಲಾದದ್ದು ಅಳತೆಗೋಲು. 2022ರಲ್ಲಿ ಆರು ಅಧ್ಯಯನಗಳ 10,709 ಜನರ 24 ಗಂಟೆಗಳ ಸಂಗ್ರಹಗಳನ್ನು ಒಟ್ಟುಗೂಡಿಸಿದಾಗ, ಸೋಡಿಯಂ ಪ್ರತಿ ಒಂದು ಗ್ರಾಂ ಏರಿದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ. 18ರಷ್ಟು ಏರಿದ್ದು ಕಂಡಿತು. ನನ್ನ ಮಟ್ಟಿಗೆ ತಕ್ಕಡಿ ವಾಲಿರುವುದು ಈ ಕಡೆಗೆ.

ಹಾಗಿದ್ದರೆ ಎಲ್ಲರೂ 24 ಗಂಟೆಗಳ ವಿಧಾನವನ್ನೇ ಏಕೆ ಬಳಸುವುದಿಲ್ಲ? ಅದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರವನ್ನು ಚೆಲ್ಲಿ, ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಪ್ರತಿ ಸಲದ್ದನ್ನೂ ಕ್ಯಾನಿಗೆ ಸುರಿಯಬೇಕು. ಮರುಬೆಳಗಿನ ಮೊದಲನೆಯದೂ ಅದಕ್ಕೇ ಸೇರಬೇಕು. ಒಂದು ಸಲ ಮರೆತರೂ ಲೆಕ್ಕ ಕೆಟ್ಟಿತು. ಹತ್ತಿ ಬಿಡಿಸಲು ಹೊಲಕ್ಕೆ ಹೋಗುವ ಹೆಣ್ಣುಮಗಳು ಬುತ್ತಿಯ ಜೊತೆಗೆ ಈ ಕ್ಯಾನನ್ನೂ ಹೊರಬೇಕು, ಮರೆ ಹುಡುಕಬೇಕು, ಜೊತೆಯವರ ಪ್ರಶ್ನೆಗೆ ಉತ್ತರ ಕೊಡಬೇಕು. ಬಸ್ ಕಂಡಕ್ಟರನಿಗೂ ಶಾಲಾ ಶಿಕ್ಷಕಿಗೂ ಇದು ಸುಲಭವಲ್ಲ. ಪ್ರತಿಷ್ಠಿತ ನಿಯತಕಾಲಿಕೆಗಳಲ್ಲಿ ಅಂಕಿಗಳ ರೂಪದಲ್ಲಿ ನಡೆಯುವ ವಾಗ್ವಾದದ ಬುಡದಲ್ಲಿರುವುದು ಈ ಮುಜುಗರ ಮತ್ತು ಈ ಶ್ರಮ.

ನಮ್ಮ ದೇಶದ ಅಂಕಿಗೂ ಅಳತೆಯ ಇದೇ ತೊಡಕು ಇದೆ. 2017–18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯ ಪ್ರಕಾರ ಭಾರತೀಯ ವಯಸ್ಕರ ಸರಾಸರಿ ಉಪ್ಪು ದಿನಕ್ಕೆ 8 ಗ್ರಾಂ, ಗಂಡಸರದು 8.9, ಹೆಂಗಸರದು 7.1. ಇದೂ ಒಂದು ಹೊತ್ತಿನ ಮೂತ್ರದಿಂದ ಮಾಡಿದ ಅಂದಾಜೇ. ಜನಸಮೂಹದ ಸರಾಸರಿಗೆ ಈ ವಿಧಾನ ನಡೆಯುತ್ತದೆ, ಒಬ್ಬೊಬ್ಬರ ಅಪಾಯ ಹೇಳಲು ನಡೆಯದು. 24 ಗಂಟೆಗಳ ಸಂಗ್ರಹದಿಂದಲೇ ಅಳೆದ ಇನ್ನೊಂದು ಅಧ್ಯಯನದಲ್ಲಿ ದೆಹಲಿ–ಹರಿಯಾಣದ ಸರಾಸರಿ 8.59 ಗ್ರಾಂ, ನೆರೆಯ ಆಂಧ್ರಪ್ರದೇಶದ್ದು 9.46 ಗ್ರಾಂ ಎಂದು ಬಂದಿದೆ. ಯಾವ ದಾರಿಯಲ್ಲಿ ಹೋದರೂ ಮಿತಿಯ ಒಂದೂವರೆ ಪಟ್ಟಿಗಿಂತ ಕೆಳಗೆ ನಮ್ಮ ಒಟ್ಟು ಸರಾಸರಿ ಸಿಗುವುದಿಲ್ಲ.

ಬ್ರಿಟನ್, ಅಮೆರಿಕಗಳಲ್ಲಿ ಉಪ್ಪಿನ ಬಹುಪಾಲು ಕಾರ್ಖಾನೆಯ ಬ್ರೆಡ್ಡು, ಸಂಸ್ಕರಿಸಿದ ಮಾಂಸ, ಸಿದ್ಧ ಊಟಗಳಲ್ಲೇ ಬರುತ್ತದೆ. ತಯಾರಕರ ಮೇಲೆ ಒತ್ತಡ ತಂದು ಬ್ರಿಟನ್ ತನ್ನ ಸರಾಸರಿಯನ್ನು 9.5 ಗ್ರಾಂನಿಂದ 2011ರ ಹೊತ್ತಿಗೆ 8.1ಕ್ಕೆ ಇಳಿಸಿತು. ನಮ್ಮಲ್ಲಿ ಬೇಕರಿ, ಕುರುಕಲು ತಿಂಡಿಗಳ ಪಾಲು ಹೆಚ್ಚುತ್ತಿದ್ದರೂ ದೊಡ್ಡ ಪಾಲು ಒಲೆಯ ಪಕ್ಕದ ಉಪ್ಪಿನ ಭರಣಿಯದೇ. ನಮ್ಮ ಮುಖ್ಯ ಧಾನ್ಯಗಳು ಬಹುಮಟ್ಟಿಗೆ ಸಪ್ಪೆ: ಅನ್ನಕ್ಕೆ ಉಪ್ಪು ಹಾಕುವುದಿಲ್ಲ, ಜೋಳದ ರೊಟ್ಟಿಗೂ ಸಾಮಾನ್ಯವಾಗಿ ಹಾಕುವುದಿಲ್ಲ. ಆ ಸಪ್ಪೆಯನ್ನು ನುಂಗಿಸುವ ಹೊಣೆ ಸಾರು, ಚಟ್ನಿಪುಡಿ, ಕೆಂಪು ಖಾರ, ಒಣಮೀನಿನ ಮೇಲೆ ಬೀಳುತ್ತದೆ. ಅನ್ನದ ರಾಶಿ ದೊಡ್ಡದಾದಷ್ಟೂ ಉಪ್ಪು ಹೆಚ್ಚು. ಪಲ್ಯ, ಬೇಳೆ, ತರಕಾರಿ ಕೊಳ್ಳಲಾಗದ ಮನೆಯಲ್ಲಿ ಒಂದು ಹೋಳು ಉಪ್ಪಿನಕಾಯಿ ಇಡೀ ತಟ್ಟೆಯನ್ನು ಎಳೆಯಬೇಕಾಗುತ್ತದೆ. ಉಪ್ಪಿನ ಪ್ರಶ್ನೆಯನ್ನು ನಾಲಗೆಯ ಚಪಲವೆಂದು ಬೈಯುವವರು ಈ ತಟ್ಟೆಯನ್ನು ನೋಡಿಲ್ಲ.

ಮೂತ್ರದ ಕ್ಯಾನು ಹೊರಲಾಗದ ಕಡೆ ಇನ್ನೊಂದು ಅಳತೆಗೋಲು ಪ್ರತಿ ಮನೆಯಲ್ಲೂ ಇದೆ: ಉಪ್ಪಿನ ಪ್ಯಾಕೆಟ್ಟು. ನಾಲ್ಕು ವಯಸ್ಕರ ಮನೆಯಲ್ಲಿ ತಲೆಗೆ 5 ಗ್ರಾಮಿನಂತೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ಟು 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8.3 ಗ್ರಾಂ ಬಿದ್ದಂತೆ. ರಾಷ್ಟ್ರೀಯ ಸಮೀಕ್ಷೆಯ ಸರಾಸರಿಗೆ ಇದು ಎಷ್ಟು ಹತ್ತಿರವಿದೆ ನೋಡಿ. ಪ್ಯಾಕೆಟ್ಟು ಒಡೆದ ದಿನವನ್ನು ಅದರ ಮೇಲೆಯೇ ಬರೆದಿಟ್ಟರೆ ಸಾಕು. ಲೆಕ್ಕ ಒರಟು ಎಂಬುದು ನಿಜ. ಬಸಿದ ನೀರಿನೊಂದಿಗೆ ಸ್ವಲ್ಪ ಹೋಗುತ್ತದೆ, ಹೋಟೆಲಿನ ಇಡ್ಲಿ–ಸಾಂಬಾರು ಲೆಕ್ಕಕ್ಕೆ ಬರುವುದಿಲ್ಲ, ಮಕ್ಕಳ ಪಾಲನ್ನು ತಗ್ಗಿಸಬೇಕು. ಮಲೆನಾಡಿನಲ್ಲಿ ಮಾವಿನ ಮಿಡಿ ಬರುವ ಕಾಲಕ್ಕೆ ಕಿಲೋಗಟ್ಟಲೆ ಹರಳುಪ್ಪು ಭರಣಿಗೆ ಇಳಿಯುತ್ತದೆ. ಅದನ್ನು ಬೇರೆಯಾಗಿ ಬರೆದು, ಭರಣಿ ಖಾಲಿಯಾಗುವ ತಿಂಗಳುಗಳಿಗೆ ಹಂಚಬೇಕು.

ಅಡುಗೆಮನೆಯ ಕೈ ಬದಲಾಗುತ್ತದೆಯೇ? ಉತ್ತರ ಚೀನಾದ ಚಾಂಗ್‌ಜಿ ನಗರದ 28 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿಯೂ ಉಪ್ಪು ಮುಖ್ಯವಾಗಿ ಮನೆಯಡುಗೆಯದೇ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಮನೆಯವರಿಗೆ ತಿಳಿಸುವ ಕೆಲಸವನ್ನು ಅವರಿಗೇ ವಹಿಸಿದರು. ಒಂದು ಶಾಲಾ ಅವಧಿಯ ಕೊನೆಗೆ, ಪಾಠ ನಡೆಯದ ಶಾಲೆಗಳಿಗೆ ಹೋಲಿಸಿದರೆ, ಮನೆಯ ದೊಡ್ಡವರ ಉಪ್ಪು ದಿನಕ್ಕೆ 2.9 ಗ್ರಾಂನಷ್ಟು ಕಡಿಮೆಯಾಗಿತ್ತು. ಇದನ್ನು ಅಳೆದದ್ದು 24 ಗಂಟೆಗಳ ಮೂತ್ರದಿಂದಲೇ. ನಾಲಗೆಯೂ ಒಗ್ಗಿಕೊಳ್ಳುತ್ತದೆ: ಕೆಲವು ತಿಂಗಳು ಕಡಿಮೆ ಉಪ್ಪು ತಿಂದವರಿಗೆ ಹಳೆಯ ಸಾರು ಉಪ್ಪುಪ್ಪಾಗಿ ಕಾಣುತ್ತದೆ ಎಂಬುದು 1982ರಷ್ಟು ಹಿಂದೆಯೇ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕಂಡ ಸಂಗತಿಗೆ ಹೊಂದುತ್ತದೆ.

ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ, ಅದರಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಫಲ ಕೊಟ್ಟ ಬದಲಿ ಬೇರೆ ಇದೆ. ಚೀನಾದ 600 ಹಳ್ಳಿಗಳಲ್ಲಿ, ಲಕ್ವ ಹೊಡೆದಿದ್ದವರು ಹಾಗೂ ರಕ್ತದೊತ್ತಡವಿದ್ದ 60 ದಾಟಿದವರು ಸೇರಿ 20,995 ಜನರ ಮೇಲೆ ಸುಮಾರು ಐದು ವರ್ಷ ಒಂದು ಪ್ರಯೋಗ ನಡೆಯಿತು. ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪನ್ನು ಬಳಸಿದವರಲ್ಲಿ ಲಕ್ವ ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ವರದಿಯಾಯಿತು. ಆದರೆ ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ನಮ್ಮಲ್ಲಿ ಮೂತ್ರಪಿಂಡದ ಕಾಯಿಲೆ ತಿಳಿಯದೆಯೇ ಬದುಕುತ್ತಿರುವವರು ಅನೇಕರು. ಹಾಗಾಗಿ ಈ ಉಪ್ಪು ರಕ್ತಪರೀಕ್ಷೆಯ ಜೊತೆಗೇ ಬರಬೇಕು.

ಅಯೋಡಿನ್ನಿನದು ಇನ್ನೊಂದು ಗಣಿತ. ಅಂಗಡಿಯ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಮ್ಮ ನಿಯಮ. ಹತ್ತು ಗ್ರಾಂ ತಿಂದರೆ ವಯಸ್ಕರಿಗೆ ಬೇಕಾದ 150 ಮೈಕ್ರೋಗ್ರಾಂ ಸಿಗುತ್ತದೆ, ಐದೇ ಗ್ರಾಂ ತಿಂದರೆ 75. ಗಳಗಂಡದ ವಿರುದ್ಧ 1962ರಿಂದ ನಡೆದ ಕೆಲಸವನ್ನು ಉಪ್ಪಿನ ಕಡಿತ ಹಾಳುಮಾಡಬಾರದು. ಉಪ್ಪು ಇಳಿದಂತೆ ಅದರೊಳಗಿನ ಅಯೋಡಿನ್ ಏರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಪಟ್ಟಿ ಕೊಟ್ಟಿದೆ: ಹತ್ತು ಗ್ರಾಂ ತಿನ್ನುವ ಕಡೆ 20 ಭಾಗ, ಐದು ಗ್ರಾಂ ತಿನ್ನುವ ಕಡೆ 39.

ಕೊನೆಗೆ ಬೆವರಿನ ಮಾತು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಒಡೆಯುವವರ, ಗಾರೆ ಹೊರುವವರ ಉಪ್ಪು ಮೂತ್ರದಲ್ಲಷ್ಟೇ ಹೋಗುವುದಿಲ್ಲ. ಒಣಗಿದ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆಯಾಗಿ ನಿಂತಿರುತ್ತದೆ. ಬಿಸಿಲಿಗೆ ಒಗ್ಗಿದ ದೇಹ ಬೆವರಿನಲ್ಲೂ ಉಪ್ಪು ಉಳಿಸಲು ಕಲಿಯುತ್ತದೆ, ಆದರೆ ನಷ್ಟ ಪೂರ್ತಿ ನಿಲ್ಲುವುದಿಲ್ಲ. ಇಂಥವರ ಮೂತ್ರವನ್ನು ಮಾತ್ರ ಅಳೆದರೆ ತಿಂದದ್ದಕ್ಕಿಂತ ಕಡಿಮೆ ಲೆಕ್ಕ ಬರುತ್ತದೆ, ಎ.ಸಿ. ಕೋಣೆಯಲ್ಲಿ ಕೂತವರ ಐದು ಗ್ರಾಮನ್ನು ಇವರ ಮೇಲೆ ಹಾಗೆಯೇ ಹೇರಿದರೆ ತಪ್ಪು ಸಲಹೆಯಾಗಬಹುದು. ಕರ್ನಾಟಕದಲ್ಲಿ ಮೊದಲು ಆಗಬೇಕಾದ ಅಧ್ಯಯನ ಇದು: ಕರಾವಳಿ, ಮಲೆನಾಡು, ಬಯಲುಸೀಮೆ, ಕಲ್ಯಾಣ ಕರ್ನಾಟಕಗಳಲ್ಲಿ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ 24 ಗಂಟೆಗಳ ಸಂಗ್ರಹ, ಅದರ ಜೊತೆಗೆ ಆಯಾ ಮನೆಯ ಉಪ್ಪಿನ ಪ್ಯಾಕೆಟ್ಟಿನ ದಿನಾಂಕ, ದುಡಿಯುವವರಲ್ಲಿ ಬೆವರಿನ ಅಳತೆ. ಕ್ಯಾನು ಹೊರುವ ಆ ಒಂದು ದಿನಕ್ಕೆ ಅವರಿಗೆ ಪೂರ್ತಿ ಕೂಲಿ ಕೊಡಬೇಕು, ಕೆಲಸದ ಜಾಗದಲ್ಲಿ ಬಾಗಿಲಿರುವ ಒಂದು ಶೌಚಾಲಯವನ್ನೂ ಒದಗಿಸಬೇಕು.