ಬೆಂಡಿನಿಂದ ಪರದೆಗೆ: ಪುಟ್ಟ ವಿಮಾನದ ಇಂಧನ ಲೆಕ್ಕ

1930ರ ದಶಕದ ಕೊನೆಗೆ ಅಮೆರಿಕದಲ್ಲಿ ಬಂದ ಪೈಪರ್ ಜೆ-3 ಕಬ್ ವಿಮಾನದಲ್ಲಿ ಇಂಧನ ಮಾಪಕವೆಂದರೆ ಒಂದು ಬೆಂಡು ಮತ್ತು ಅದಕ್ಕೆ ಸಿಕ್ಕಿಸಿದ ತಂತಿ, ಅಷ್ಟೇ. ಮುಂಗಾಜಿನಾಚೆ ಟ್ಯಾಂಕಿನ ಮುಚ್ಚಳವನ್ನು ತೂರಿ ನಿಂತ ಆ ತಂತಿ ಪೆಟ್ರೋಲು ಇಳಿದಂತೆ ತಾನೂ ಇಳಿಯುತ್ತಿತ್ತು. ಅದಕ್ಕೆ ವಿದ್ಯುತ್ ಬೇಡ, ಪೈಲಟ್ ಕತ್ತು ತಿರುಗಿಸುವುದೂ ಬೇಡ. ಮುಂದೆ ಬಂದ ಎಷ್ಟೋ ಸಾಧನಗಳು ಇಷ್ಟು ನೇರವಾಗಿ ಸತ್ಯ ಹೇಳಲಿಲ್ಲ.

ಟ್ಯಾಂಕು ರೆಕ್ಕೆಯೊಳಕ್ಕೆ ಹೋದಮೇಲೆ ತೊಡಕು ಶುರುವಾಯಿತು. ಕಾರಿನಲ್ಲಿರುವಂಥದೇ ತೇಲುಬೆಂಡು, ಅದರ ತೋಳಿಗೊಂದು ವಿದ್ಯುತ್ ರೋಧಕ, ಫಲಕದ ಮೇಲೊಂದು ಮುಳ್ಳು. ರೆಕ್ಕೆಯ ಟ್ಯಾಂಕು ತಟ್ಟೆಯಂತೆ ಅಗಲ, ಆಳ ಕಡಿಮೆ. ವಿಮಾನ ತುಸು ವಾಲಿದರೂ ಪೆಟ್ರೋಲು ಒಂದು ಬದಿಗೆ ಹರಿದು ಮುಳ್ಳು ಕುಣಿಯುತ್ತದೆ. ಬಳಸಬಹುದಾದ ಇಂಧನ ಮುಗಿದಾಗ ಮಾಪಕ ಸೊನ್ನೆ ತೋರಿಸಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಸೊನ್ನೆಯೊಂದು ಸರಿಯಿದ್ದರೆ ಸಾಕು, ಉಳಿದದ್ದು ಹೇಗಿದ್ದರೂ ನಡೆಯುತ್ತದೆ ಎಂದು ಇದನ್ನು ತಪ್ಪಾಗಿ ಓದಿಕೊಂಡವರು ಬಹಳ. ಆ ತಪ್ಪು ಓದು ಕೆಟ್ಟ ಮಾಪಕಗಳಿಗೆ ದಶಕಗಳ ಕಾಲ ಆಸರೆಯಾಯಿತು.

ಎಂಜಿನ್ ಕಡೆಯ ಕಥೆ ಇದಕ್ಕಿಂತ ರೋಚಕ. 1960ರ ದಶಕದಲ್ಲಿ ಆಲ್ಕರ್ ಕಂಪನಿಯ ಆಲ್ ಹುಂಡೆರೆ ಎಕ್ಸಾಸ್ಟ್ ಅನಿಲದ ಶಾಖ ತೋರಿಸುವ ಮಾಪಕವನ್ನು ಸಣ್ಣ ವಿಮಾನಗಳಿಗೆ ಪರಿಚಯಿಸಿದರು. ಗಾಳಿಗೆ ಬೆರೆಯುವ ಪೆಟ್ರೋಲನ್ನು ಪೈಲಟ್ ಕಡಿಮೆ ಮಾಡುತ್ತ ಹೋದರೆ ಶಾಖ ಏರಿ, ಒಂದು ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ಆ ತುದಿ ಸಿಕ್ಕರೆ ಮಿಶ್ರಣದ ಅಂದಾಜು ಸಿಕ್ಕಂತೆ. ಆದರೆ ಒಂದೇ ಮುಳ್ಳು ನಾಲ್ಕೋ ಆರೋ ಸಿಲಿಂಡರ್‌ಗಳ ಪರವಾಗಿ ಮಾತಾಡುತ್ತಿತ್ತು.

1980ರ ದಶಕದಲ್ಲಿ ಕೆನಡಾದ ಇನ್‌ಸೈಟ್ ಸಂಸ್ಥೆಯ ‘ಜೆಮ್’ ಸಾಧನ ಈ ಕೊರತೆ ತುಂಬಿತು. ಅಂಗೈಗಿಂತ ಚಿಕ್ಕ ಮುಖದ ಮೇಲೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಕಿತ್ತಳೆ ಬೆಳಕಿನ ಕಂಬ. ಬಳಿಕ ಕ್ಯಾಲಿಫೋರ್ನಿಯಾದ ಜೆ.ಪಿ. ಇನ್‌ಸ್ಟ್ರುಮೆಂಟ್ಸ್ ಅಂಕಿಗಳನ್ನೂ ಎಚ್ಚರಿಕೆಯ ಮಿನುಗನ್ನೂ ದಾಖಲೆ ಉಳಿಸುವ ನೆನಪನ್ನೂ ಸೇರಿಸಿತು. ಈ ಕಂಬಗಳನ್ನು ಓದುವುದು ನಾಡಿ ಹಿಡಿದಂತೆ. ಸಿಲಿಂಡರ್‌ನ ಎರಡು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಕೆಟ್ಟರೆ ದಹನ ತಡವಾಗಿ, ಇನ್ನೂ ಉರಿಯುತ್ತಿರುವ ಅನಿಲವೇ ಹೊರಬೀಳುತ್ತದೆ. ಆ ಒಂದು ಕಂಬ ಎತ್ತರವಾಗುತ್ತದೆ. ಎಕ್ಸಾಸ್ಟ್ ಶಾಖ ಇಳಿದು ಸಿಲಿಂಡರ್ ತಲೆಯ ಶಾಖ ದಿಢೀರನೆ ಏರಿದರೆ ಒಳಗೆ ಅಕಾಲ ದಹನ ನಡೆದಿರಬಹುದು. ಆಗ ನಿಮಿಷವೂ ದುಬಾರಿ. ಎಕ್ಸಾಸ್ಟ್ ವಾಲ್ವ್ ಸುಡತೊಡಗಿದರೆ ಒಂದೇ ಕಂಬ ಲಯಬದ್ಧವಾಗಿ, ನಿಧಾನವಾಗಿ ಏರಿಳಿಯುತ್ತದೆ.

ಸಾಧನ ಎಂಜಿನ್ನನ್ನೇ ತಿದ್ದಿದ್ದೂ ಉಂಟು. ಸಿಲಿಂಡರ್‌ಗಳು ಬೇರೆ ಬೇರೆ ಮಿಶ್ರಣದಲ್ಲಿ ತುದಿ ಮುಟ್ಟುವುದು ಕಣ್ಣಿಗೆ ಕಂಡಮೇಲೆ, 1990ರ ದಶಕದಲ್ಲಿ ಒಕ್ಲಹೋಮಾದ ಏಡಾ ಊರಿನ ಗಾಮಿ ಸಂಸ್ಥೆ ಪ್ರತಿ ಸಿಲಿಂಡರ್‌ಗೆ ಹೊಂದುವ ಇಂಜೆಕ್ಟರ್‌ಗಳನ್ನು ಮಾಡಿತು. ನನಗೆ ಈ ಇಡೀ ಚರಿತ್ರೆಯ ಸೊಗಸಾದ ಘಟ್ಟ ಇದೇ.

ಇಂಧನದ ಲೆಕ್ಕದಲ್ಲಿ ಅಂಥ ಜಿಗಿತ ತಂದದ್ದು ಹರಿವಿನ ಮಾಪಕ. ಕೊಳವೆಯೊಳಗೆ ಪುಟ್ಟ ಚಕ್ರ ತಿರುಗುತ್ತದೆ, ಅದರ ಸುತ್ತುಗಳನ್ನು ಕಂಪ್ಯೂಟರ್ ಎಣಿಸುತ್ತದೆ, ಖರ್ಚನ್ನು ಕಳೆದು ಉಳಿಕೆ ತೋರಿಸುತ್ತದೆ. ಎಣಿಕೆ ಬಲು ನಿಖರ. ಆದರೆ ಹೊರಡುವಾಗ ಟ್ಯಾಂಕಿನಲ್ಲಿ ಎಷ್ಟಿತ್ತೆಂದು ಅದಕ್ಕೆ ಹೇಳುವವನು ಪೈಲಟ್. ಅವನು ತಪ್ಪು ಹೇಳಿದರೆ, ಟ್ಯಾಂಕು ಸೋರಿದರೆ, ಅದು ಅಷ್ಟೇ ನಿಖರವಾಗಿ ತಪ್ಪು ಲೆಕ್ಕ ಕೊಡುತ್ತದೆ. ಮಾಪಕ ಕಣ್ಣಿಗೂ ಹಿಡಿ ಕೈಗೂ ಸಿಗದಿದ್ದರೆ ಇನ್ನೂ ಕಷ್ಟ. 1997ರ ಅಕ್ಟೋಬರ್‌ನಲ್ಲಿ ಗಾಯಕ ಜಾನ್ ಡೆನ್ವರ್ ಮಾಂಟೆರೆ ಕೊಲ್ಲಿಗೆ ಬಿದ್ದು ಸತ್ತ ಲಾಂಗ್-ಈಜಿ ವಿಮಾನದಲ್ಲಿ ಟ್ಯಾಂಕು ಬದಲಿಸುವ ಹಿಡಿ ಅವರ ಎಡಭುಜದ ಹಿಂದಿತ್ತು. ಇಂಧನ ಮಟ್ಟ ತೋರುವ ಗಾಜುಗಳೂ ಬೆನ್ನ ಹಿಂದೆ. 2011ರಿಂದ 2015ರವರೆಗೆ ಅಮೆರಿಕದಲ್ಲಿ ಇಂಧನ ನಿರ್ವಹಣೆಯ ಲೋಪದಿಂದ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾದವೆಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಯಂತ್ರ ಕೆಟ್ಟದ್ದು ಅವುಗಳಲ್ಲಿ ತೀರ ಕಡಿಮೆ.

2003-04ರ ಹೊತ್ತಿಗೆ ಸಿರಸ್ ವಿಮಾನಗಳಿಗೆ ಅವಿಡೈನ್, ಸೆಸ್ನಾ ಮತ್ತು ಡೈಮಂಡ್ ವಿಮಾನಗಳಿಗೆ ಗಾರ್ಮಿನ್ ಜಿ1000 ಬಂದು, ಚದುರಿದ ಮುಳ್ಳುಗಳೆಲ್ಲ ದೊಡ್ಡ ಪರದೆಗಳೊಳಗೆ ಸೇರಿದವು. ಪರದೆಯಿಂದಲೇ ಹಾರಾಟ ಸುರಕ್ಷಿತವಾಗುತ್ತದೆಂಬ ನಿರೀಕ್ಷೆ ಮಾತ್ರ ಈಡೇರಲಿಲ್ಲ. ಅದೇ ಮಂಡಳಿಯ 2010ರ ಅಧ್ಯಯನದಲ್ಲಿ ಪರದೆಯ ವಿಮಾನಗಳ ಒಟ್ಟು ಅಪಘಾತದ ದರ ಕಡಿಮೆ, ಪ್ರಾಣಹಾನಿಯ ಅಪಘಾತದ ದರ ಹೆಚ್ಚು.

ಈಗ ಮಿಶ್ರಣದ ಹಿಡಿಯೇ ಮಾಯವಾಗುತ್ತಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿಸಿದ ಹಂಸ-ಎನ್‌ಜಿಯಲ್ಲಿ ಪರದೆಗಳ ಕಾಕ್‌ಪಿಟ್ ಜೊತೆಗೆ ರೋಟ್ಯಾಕ್ಸ್ 912 ಐಎಸ್ ಎಂಜಿನ್ ಇದೆ. ಪೆಟ್ರೋಲು ಎಷ್ಟು ಬೇಕೆಂದು ಕಂಪ್ಯೂಟರೇ ನಿರ್ಧರಿಸುತ್ತದೆ. ಇಂಥ ಎಂಜಿನ್ ವಿದ್ಯುತ್ತಿಲ್ಲದೆ ಓಡದು. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಬ್ಯಾಟರಿ ಸೋತಿದ್ದ ಡೈಮಂಡ್ ಡಿಎ42 ಮೇಲೇರಿ ಚಕ್ರ ಮಡಚಿದ್ದೇ ತಡ, ವೋಲ್ಟೇಜ್ ಕುಸಿದು ಎರಡೂ ಎಂಜಿನ್ ನಿಂತವು. ರೋಟ್ಯಾಕ್ಸ್‌ನಲ್ಲಿ ಎರಡು ಜನರೇಟರ್‌ಗಳಿವೆ: ಒಂದು ಎಂಜಿನ್ನಿಗೆ, ಇನ್ನೊಂದು ವಿಮಾನದ ಉಳಿದ ಸಾಧನಗಳಿಗೆ. ಮೊದಲನೆಯದು ಕೆಟ್ಟರೆ ಎರಡನೆಯದು ಎಂಜಿನ್ನಿನ ಪಾಲಾಗುತ್ತದೆ, ಪರದೆಗಳಿಗೆ ಬ್ಯಾಟರಿಯಷ್ಟೇ ಉಳಿಯುತ್ತದೆ.