ಜೋಶಿ, ಭೀಮಸೇನ (1922–2011)

ಹಿಂದೂಸ್ತಾನಿ ಗಾಯಕ, ಕಿರಾಣಾ ಘರಾಣೆಯ ಹೆಸರಾಂತ ಖಯಾಲ್ ಹಾಡುಗಾರ. 1922ರ ಫೆಬ್ರುವರಿ 4ರಂದು ಈಗಿನ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದರು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಕುರ್ತಕೋಟಿಯ ಚನ್ನಪ್ಪನವರಲ್ಲಿ ಮೊದಲ ಪಾಠವಾಯಿತು. ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿದ ಮೇಲೆ ಅವರಿಗೆ ಬೇರೇನೂ ರುಚಿಸಲಿಲ್ಲ.

1933ರಲ್ಲಿ ಮನೆ ಬಿಟ್ಟರು. ತಾಯಿ ಮತ್ತೊಂದು ಚಮಚ ತುಪ್ಪ ಬಡಿಸಲಿಲ್ಲವೆಂದು ಮುನಿಸಿಕೊಂಡು ಹೋದರೆಂದು ಹೇಳುವುದುಂಟು. ತುಪ್ಪ ನೆಪವಷ್ಟೇ, ಅವರಿಗೆ ಬೇಕಿದ್ದದ್ದು ಗುರು. ಟಿಕೇಟಿಗೆ ದುಡ್ಡಿಲ್ಲದೆ, ರೈಲಿನಲ್ಲಿ ಹಾಡುತ್ತ ಊರೂರು ದಾಟಿ ಗ್ವಾಲಿಯರ್, ಜಲಂಧರ್ ಸುತ್ತಿದರು. ಹುಡುಕುತ್ತಿದ್ದ ಗುರು ಮಾತ್ರ ಧಾರವಾಡದ ಸೀಮೆಯಲ್ಲೇ ಇದ್ದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ಒಪ್ಪಿಕೊಂಡರು. ಗುರುವಿನ ಮನೆಗೆ ನೀರು ಹೊರುವುದೂ ಕಲಿಕೆಯ ಭಾಗವೇ ಆಗಿತ್ತು. ಪಾಠದಲ್ಲಿ ರಾಗಗಳ ರಾಶಿಯಿರಲಿಲ್ಲ: ತೋಡಿ, ಮುಲ್ತಾನಿ, ಪೂರಿಯಾ ಇವನ್ನೇ ತಿರುತಿರುಗಿ ತಿದ್ದಿಸಿದರು. ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಗೆ ಮರಳುವಾಗ ಭೀಮಸೇನರು ಸ್ಟೇಷನ್ನಿನವರೆಗೆ ಹೋಗಿ, ಅವರ ಅಂದಿನ ಪಾಠವನ್ನು ಹಾಡಿಸಿ ಕೇಳುತ್ತಿದ್ದರು.

1940ರ ದಶಕದ ಆರಂಭದಲ್ಲೇ ಕನ್ನಡ, ಹಿಂದಿ ಭಕ್ತಿಗೀತೆಗಳ ಧ್ವನಿಮುದ್ರಿಕೆ ಹೊರಬಂತು. ಮುಂಬಯಿ ಆಕಾಶವಾಣಿಯಲ್ಲಿಯೂ ಹಾಡಿದರು. 1946ರಲ್ಲಿ ಗುರುವಿನ ಷಷ್ಟ್ಯಬ್ದಿಗೆ ಪುಣೆಯಲ್ಲಿ ನೀಡಿದ ಕಚೇರಿಯಿಂದ ಹೆಸರು ಹಬ್ಬಿತು. ಮುಂದೆ ಪುಣೆಯೇ ಊರಾಯಿತು. ಕರೀಂ ಖಾನರ ಮೃದುತ್ವಕ್ಕಿಂತ ಇವರದು ಗಡುಸು ದನಿ. ಬಿರುಸಿನ ತಾನಗಳನ್ನು ಬೇರೆ ಘರಾಣೆಗಳಿಂದಲೂ ಪಡೆದರು. ಹಾಡಿದ ರಾಗಗಳೇ ಮರುಕಳಿಸುತ್ತವೆ ಎಂಬ ಟೀಕೆ ನ್ಯಾಯವಾದದ್ದೇ, ಆದರೆ ಆ ಕೆಲವೇ ರಾಗಗಳು ಇವರ ಕಂಠದಲ್ಲಿ ಪ್ರತಿಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತಿದ್ದವು. ಕಲಾಶ್ರೀ ಎಂಬ ರಾಗ ಇವರದೇ ಸೃಷ್ಟಿ.

ಸಿನಿಮಾಕ್ಕೆ ಹಾಡಿದ್ದು ಅಪರೂಪ: 'ಬಸಂತ್ ಬಹಾರ್' (1956), ಕನ್ನಡದ 'ಸಂಧ್ಯಾರಾಗ' (1966) ಮುಖ್ಯವಾದವು. ಕನ್ನಡಿಗರ ಮನೆಮನೆಗೆ ಇವರನ್ನು ತಲುಪಿಸಿದ್ದು ಖಯಾಲ್ ಅಲ್ಲ, ದಾಸವಾಣಿ. ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಇವರ ದನಿಯಲ್ಲಿ ಶುಕ್ರವಾರದ ಪೂಜೆಗೆ ಹಾಡಾಯಿತು. ಮರಾಠಿಗರಿಗೆ ಅಭಂಗಗಳ 'ಸಂತವಾಣಿ'ಯೂ ಅಷ್ಟೇ ಹತ್ತಿರ. 1988ರಲ್ಲಿ ದೂರದರ್ಶನದ 'ಮಿಲೇ ಸುರ್ ಮೇರಾ ತುಮ್ಹಾರಾ' ಇವರ ಆಲಾಪದಿಂದಲೇ ತೆರೆದುಕೊಂಡಿತು.

ಪದ್ಮಶ್ರೀ (1972), ಕರ್ನಾಟಕ ರತ್ನ (2005), ಭಾರತ ರತ್ನ (2008) ಸಂದವು. 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಗುರುವಿನ ನೆನಪಿಗೆಂದು 1953ರಲ್ಲಿ ಆರಂಭಿಸಿ ನಡೆಸಿಕೊಂಡು ಬಂದ ಸಂಗೀತೋತ್ಸವವೀಗ 'ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ'ವೆಂದೇ ನಡೆಯುತ್ತಿದೆ.